ಚಾರ್ಜ್ ಕೊಡುವಾಗ

ಹಾರ್ಮೋನಿಯಂ ಒಂದು. ಮೇಲಿನ ಗಾಂಧಾರ ಉಸಿರು ಕಟ್ಟಿದೆ,
ತಿದಿಯ ತೂತಿಗೆ ಸೈಕಲ್ ಪಂಕ್ಚರಿನ ತೇಪೆ.
ಡಗ್ಗಾ ಒಂದು; ಅದರ ಜೊತೆಯ ತಬಲಾ ನಾನು ಬರುವ ಮೊದಲೇ ಇರಲಿಲ್ಲ.
ತಾಳ ನಾಲ್ಕು ಜೊತೆ. ಒಂದು ಜೊತೆಯ ದಾರ
ಯಾರದೋ ಪಾಯಜಾಮದ ಲಾಡಿ.
ಇಷ್ಟಕ್ಕೆ ಸಹಿ ಹಾಕು ತಂಗಿ.
ಉಳಿದದ್ದಕ್ಕೆ ಪಟ್ಟಿಯಲ್ಲಿ ಕಾಲಂ ಇಲ್ಲ,
ಬಾಯಲ್ಲೇ ಹೇಳುತ್ತೇನೆ, ಬಾ, ನೀರಿನ ಟ್ಯಾಂಕಿನ ನೆರಳಿಗೆ.
ದಾವಣಗೆರೆಯ ಬಿಸಿಲು ನಿನಗಿನ್ನೂ ಹೊಸದು.

ಏಳನೇ ಬಿ. ಐವತ್ಮೂರು ಮಕ್ಕಳು, ನಲವತ್ತು ನಿಮಿಷ.
ಹಾಜರಿಗೇ ಏಳು ನಿಮಿಷ ಹೋಗುತ್ತದೆ, ಅದಕ್ಕೆ
ನಾನು ಹಾಜರಿಯನ್ನು ಷಡ್ಜದಲ್ಲಿ ಕರೆಯುತ್ತೇನೆ.
(ನನ್ನ ಷಡ್ಜ, ಮುಚ್ಚಿಹೋದ ಹತ್ತಿ ಗಿರಣಿಯ ಸೈರನ್ನಿನದು.
ಕಿವಿಯಲ್ಲಿ ಅದೊಂದೇ ಉಳಿದದ್ದು. ನಿನ್ನದು ಬೇರೆ ಇರಲಿ.)
"ಕೊಟ್ರೇಶೀ" ಎಂದರೆ "ಬಂದೀನೀ" ಎಂದು
ಅವನು ಅದೇ ಶ್ರುತಿಗೆ ಬಂದು ನಿಲ್ಲಬೇಕು.
ನಿಲ್ಲದಿದ್ದರೆ ಬಿಡು. ಬಂದಿದ್ದಾನಲ್ಲ.

ಮೊದಲ ವಾರ ಪೆಟ್ಟಿಗೆ ತೆಗೆಯಬೇಡ.
ತೆಗೆದರೆ ಎಲ್ಲರ ಕಣ್ಣೂ ಅದರ ಮೇಲೆ, ಕಿವಿ ಎಲ್ಲೋ.
ಅರ್ಧ ಜನ ಮಂಡಕ್ಕಿ ಭಟ್ಟಿಯ ಮನೆಯವರು;
ನಸುಕಿನಲ್ಲಿ ಮರಳು ಕಾದು ಅಕ್ಕಿ ಅರಳುವ ಸದ್ದು
ನಿನಗಿಂತ, ನನಗಿಂತ ಅವರಿಗೆ ಗೊತ್ತು.
ಕೇಳು: ಮೊದಲ ಕಾಳು ಹೇಗೆ ಸಿಡಿಯುತ್ತೆ?
ಆಮೇಲೆ? ಆಮೇಲಾಮೇಲೆ?
ಬೆರಳ ತುದಿಯಿಂದ ಡೆಸ್ಕಿನ ಮೇಲೆ ಬಾರಿಸಿ ತೋರಿಸಲಿ.
ವಿಳಂಬದಿಂದ ದ್ರುತಕ್ಕೆ ಏರುವುದನ್ನು
ಮೂರು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು!
ಒಂದು ದಿನ ಶಾಹೀನಾ ಮನೆಯ ಜರಡಿ ತಂದು ಅಲ್ಲಾಡಿಸಿದಳು:
ಮೂರು ಜಲ್ಲು, ಒಂದು ಸುಮ್ಮನೆ,
ಮೂರು ಜಲ್ಲು, ಒಂದು ಸುಮ್ಮನೆ.
ಖಾಲಿ ಎಂದರೆ ಏನೂ ಇಲ್ಲ ಅಂತಲ್ಲ ಎಂದು
ಆಮೇಲೆ ಯಾರಿಗೂ ವಿವರಿಸಬೇಕಾಗಲಿಲ್ಲ.

ದಾದಾಪೀರನ ಗಂಟಲು ಈಗ ಒಡೆಯುತ್ತಿದೆ.
ಹಾಡು ಅಂದರೆ ಹುಡುಗಿಯರು ನಗುತ್ತಾರೆ, ಅವನು ಕಿಟಕಿ ನೋಡುತ್ತಾನೆ.
ಅವನಿಗೆ ಕೆಳಗಿನ ಸಾ ಒಂದನ್ನೇ ಕೊಡು. ತಂಬೂರಿ ಕೆಲಸ.
ಉಳಿದವರು ಎಷ್ಟು ಮೇಲೆ ಹೋದರೂ
ವಾಪಸ್ ಇಳಿಯುವ ಸ್ಟಾಪು ಅವನೇ ಎಂದು ಹೇಳು.
ಗುರುವಾರ ರಜೆ ಹಾಕುವುದು ಬಿಟ್ಟಿದ್ದಾನೆ.

ಪಕ್ಕದ ಗಣಿತದ ನಿಂಗಪ್ಪ ಮೇಷ್ಟ್ರು ಗೋಡೆ ತಟ್ಟುತ್ತಾರೆ.
ಜಗಳಕ್ಕೆ ಹೋಗಬೇಡ, ತುಟಿ ಮುಚ್ಚಿಸಿ ಗುಂಯ್‌ಗುಡಿಸು.
ಬಾಯಿ ಮುಚ್ಚಿ ಹಾಡುವವರಿಗೆ
ಪಕ್ಕದವರ ದನಿ ಮೊದಲ ಸಲ ಕೇಳಿಸುತ್ತದೆ.
ಅವರ ತಟ್ಟು ಲಯದಲ್ಲಿರುತ್ತದೆ, ಗಮನಿಸು.

ಇನ್ನೊಂದು. ಇದನ್ನು ಯಾರಿಗೂ ಹೇಳಿಲ್ಲ.
ನನ್ನ ಎರಡನೇ ವರ್ಷ, ಆಗಸ್ಟ್ ಹದಿನಾಲ್ಕು, ಕೊನೆಯ ತಾಲೀಮು.
ಸಾಲಿನ ತುದಿಗೆ ಹಾಲಮ್ಮ,
ದನಿ ಎಲ್ಲರಿಗಿಂತ ಅರ್ಧ ಮೆಟ್ಟಿಲು ಕೆಳಗೆ.
"ನೀನು ಸುಮ್ನೆ ಬಾಯಾಡ್ಸು ಸಾಕು" ಅಂದೆ.
ಆಡಿಸಿದಳು. ಬಹುಮಾನ ಬಂತು.
ಗಾಜಿನ ಬೀರುವಿನಲ್ಲಿದೆ, ಪಟ್ಟಿಯಲ್ಲಿ ಹನ್ನೊಂದನೇ ನಂಬರು.

ಹೋದ ಜೂನಿನಲ್ಲಿ ಮಗಳನ್ನು ಸೇರಿಸಲು ಬಂದವಳು
ಗುರುತು ಹಿಡಿದು ನಕ್ಕಳು:
"ಇದಕ್ಕೂ ಹಾಡು ಬರಲ್ಲ ಮಿಸ್, ನನ್ನಂಗೇ."
ಸಿಟ್ಟಿರಲಿಲ್ಲ. ಮೈಮೇಲಿನ ಮಚ್ಚೆ ತೋರಿಸಿದ ಹಾಗೆ ಹೇಳಿದಳು.

ಆ ಮಗಳು ಸಿಂಚನ, ಮೂರನೇ ಬೆಂಚು, ಗೋಡೆಯ ಕಡೆ.
ವರ್ಷವಿಡೀ ಅವಳು ಮಾತಾಡುವ ದನಿಯ ಬೆನ್ನು ಹತ್ತಿದೆ,
ಅದು ಎಲ್ಲಿದೆಯೋ ಅಲ್ಲಿಗೇ ಇಡೀ ತರಗತಿಯನ್ನು ಇಳಿಸಿದೆ.
ಮಾರ್ಚಿನಲ್ಲಿ ಒಮ್ಮೆ, ಹಾಜರಿಯಲ್ಲಿ, "ಬಂದೀನಿ" ಅಂದಳು
ಸರಿಯಾಗಿ ನನ್ನ ಸಾ ಮೇಲೆ,
ಅಥವಾ ನಾನು ಅವಳದರ ಮೇಲೆ.
ಮರುದಿನ ಮತ್ತೆ ಇಲ್ಲ.
ಇನ್ನೂ ಅಲ್ಲೇ ಕೂತಿದ್ದಾಳೆ.

ಬೀಗದ ಕೈ ಸೀಮೆಸುಣ್ಣದ ಡಬ್ಬಿಯಲ್ಲಿದೆ.
ಅಗೋ ಗಂಟೆ. ತೂಗುಹಾಕಿದ ರೈಲುಕಂಬಿ ಅದು.
ಯಾವ ಸ್ವರ ಅಂತ ಮಕ್ಕಳನ್ನೇ ಕೇಳಿ ಶುರುಮಾಡು;
ಮೂವತ್ತೊಂದು ವರ್ಷ ಕೇಳಿಸಿಕೊಂಡರೂ
ನನಗೆ ಖಚಿತವಿಲ್ಲ.