ಮೈನಸ್ ಎಕ್ಸ್

ಕ್ಲಾಕ್ಸ್‌ವೀಕ್‌ನ ಮೀನು ಹರಾಜುಕಟ್ಟೆಯಿಂದ ಹೊರಟ ಬಿಲ್ಲುಗಳೆಲ್ಲ
ನಿನ್ನೆಯಿಂದ ವಾಪಸು ಬರುತ್ತಿವೆ.
ಹದಿನೇಳು ಟನ್ ಕಾಡ್ ಮೀನು ಐಸಿನಲ್ಲಿ ಮಲಗಿದೆ,
ಕೊಂಡವನಿಗೆ ಕಾಗದ ತಲುಪಿಲ್ಲ.
ಆಚೆ ದಡದ ಸರ್ವರಿನದು ಒಂದೇ ತಕರಾರು:
ನೀವು ಹೇಳುವ ಹೆಸರೊಂದು,
ನಿಮ್ಮ ನಂಬರು ಹೇಳುವ ಹೆಸರಿನ್ನೊಂದು.
ಯಾರು ನೀವು?

ಹಾನುಸ್ ಬಾಗಿಲಲ್ಲೇ ನಿಂತು ಬೂಟಿನ ಹಿಮ ಕೊಡವುತ್ತಾನೆ.
"ಸುನ್‌ವಾ, ಎಷ್ಟು ಹೊತ್ತಿನ ಕೆಲಸ ಇದು?"
ಕಪ್ಪು ಪರದೆ ತೆರೆದು ಬರೆಯುತ್ತೇನೆ:
ಡಿಗ್, ಆಮೇಲೆ ನಮ್ಮ ಹೆಸರು.
ರೆಪ್ಪೆ ಬಡಿಯುವುದರೊಳಗೆ ಉತ್ತರ:
ನೂರ ತೊಂಬತ್ತೆರಡು, ಸೊನ್ನೆ, ಎರಡು, ನಲವತ್ತೊಂದು.
ಹೋಗುವ ದಾರಿ ಸರಿಯಾಗೇ ಇದೆ.

ಬರುವ ದಾರಿ ಕೇಳಬೇಕು ಈಗ.
ಡಿಗ್, ಮೈನಸ್ ಎಕ್ಸ್, ಆಮೇಲೆ ನಂಬರು.
ಯಂತ್ರ ಅದನ್ನು ಬಾಲದಿಂದ ಓದುತ್ತದೆ,
ನಲವತ್ತೊಂದು, ಎರಡು, ಸೊನ್ನೆ, ನೂರ ತೊಂಬತ್ತೆರಡು,
ಕಡೆಗೆ ಬಿಟ್ಟ ತುದಿಯಿಂದ ಬಲೆ ಎಳೆದುಕೊಂಡ ಹಾಗೆ.
ಬಲೆಯಲ್ಲಿ ಬಂದದ್ದು ಒಂದು ಕಡಲಹಕ್ಕಿ:
ದ್ರುನ್‌ಕ್ವೀತಿ.

ಆ ಹೆಸರಿನವರು ಇಲ್ಲಿ ಯಾರೂ ಇಲ್ಲ.
ಹಕ್ಕಿಯನ್ನೇ ಹೆಸರು ಹಿಡಿದು ಕೂಗಿ ನೋಡಿದೆ.
ಅಂಥದ್ದು ಇಲ್ಲವೇ ಇಲ್ಲ ಎಂದಿತು.
ನಂಬರಿಗೆ ನೆನಪಿರುವ ಹೆಸರಿಗೆ
ನಂಬರಿನ ನೆನಪಿಲ್ಲ.

ಎಲಿಯೆಸರ್‌ಗೆ ಫೋನು ಮಾಡಿದೆ.
ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದವನು, ಈಗ ಕುರಿ ಕಾಯುತ್ತಾನೆ.
"ಓ, ಅದಾ! ಆ ಹಳೇ ಡಬ್ಬದ ಫ್ಯಾನು ರಾತ್ರಿಯೆಲ್ಲ
ಬಿಲದೊಳಗಿನ ದ್ರುನ್‌ಕ್ವೀತಿ ಥರ ಗುರುಗುಡುತ್ತಿತ್ತು, ಅದಕ್ಕೇ ಇಟ್ಟೆ.
ಗುಜರಿಗೆ ಹಾಕಿ ಒಂಬತ್ತು ವರ್ಷ ಆಯ್ತಲ್ಲೇ!"
ಒಂಬತ್ತು ವರ್ಷ ಯಾರೂ ಕೇಳಿರಲಿಲ್ಲ.

ಹೆಸರು ನಮ್ಮದು, ನಾನೇ ತಿದ್ದಬಲ್ಲೆ.
ನಂಬರು ಬಾಡಿಗೆಯದು. ಅದರ ಯಜಮಾನರು ತೋರ್ಸ್‌ಹಾವ್ನ್‌ನಲ್ಲಿ
ಊಟ ಮುಗಿಸಿ, ಕೈ ತೊಳೆದು, ತಿದ್ದಿದರು.

ಮತ್ತೆ ಕೇಳಿದೆ. ಅದೇ ಹಕ್ಕಿ.
ಪಕ್ಕದಲ್ಲಿ ಅದರ ಆಯುಸ್ಸು: ಆರುನೂರ ಹನ್ನೆರಡು ಸೆಕೆಂಡು.
"ಇನ್ನೂ ಹಳೆಯದೇ?" ಹಾನುಸ್ ಬಗ್ಗಿ ನೋಡಿದ.
"ಹತ್ತು ನಿಮಿಷದ ಋಣ ಇದೆ ಅದಕ್ಕೆ, ಕೂತುಕೋ."

ಕಾಫಿ ಬಗ್ಗಿಸಿದೆವು.
ಇನ್ನೂರ ನಲವತ್ತು.
ಹಾನುಸ್ ಮೀನಿನ ದರದ ಬಗ್ಗೆ ಏನೋ ಹೇಳುತ್ತಿದ್ದ.
ಮೂವತ್ತೊಂದು.
ನಾಲ್ಕು ಉಳಿದಾಗ ಇನ್ನೊಮ್ಮೆ ಕೇಳಿದೆ,
ಪರೀಕ್ಷೆಗೆಂದಲ್ಲ.

ಆಮೇಲೆ ನಮ್ಮ ಹೆಸರು ಬಂತು, ಹಿಂದಿನಿಂದಲೂ ಮುಂದಿನಿಂದಲೂ.
ಬಿಲ್ಲುಗಳು ಹೋದವು. ಹಾನುಸ್ ಐಸು ನೋಡಲು ಹೋದ.
ಮೂಲೆಯ ಹೊಸ ಯಂತ್ರದ ಹತ್ತಿರ ಕಿವಿಯಿಟ್ಟೆ.
ಇದಕ್ಕೆ ಫ್ಯಾನೇ ಇಲ್ಲ.