ಹೊಸಮನಿ ಎಂಬ ಇಬ್ಬರು

ಶಾಲೆಯಿಂದ ಬಂದ ಅರ್ಜಿ. ವ್ಯಾನ್ ಚಾಲಕ,
ದ್ಯಾಮಣ್ಣ ತಂದೆ ಫಕ್ಕೀರಪ್ಪ ಹೊಸಮನಿ,
ಸಾಕಿನ್ ಬೆಟಗೇರಿ. ವಯಸ್ಸು ನಲವತ್ತೊಂದು.
ಹೆಸರು ಒತ್ತಿದೆ. ಕಂಪ್ಯೂಟರು ತುಸು ಹೊತ್ತು ಉಸಿರು ಹಿಡಿದು
ಒಂದು ಮುಖ ಎತ್ತಿ ತೋರಿಸಿತು.

ದ್ಯಾಮಣ್ಣ ಫಕ್ಕೀರಪ್ಪ ಹೊಸಮನಿ.
ಬೇರೆ ಜಿಲ್ಲೆ. ಹತ್ತು ವರ್ಷ ಶಿಕ್ಷೆ, ಮುಗಿದಿದೆ.
ಕಲಮುಗಳ ಸಂಖ್ಯೆ ಓದಿಕೊಂಡೆ.
ಆ ಸಂಖ್ಯೆಗಳ ಹಿಂದೆ ಒಬ್ಬ ಹುಡುಗಿ ಇದ್ದಾಳೆ;
ಅವಳ ಹೆಸರು ಪರದೆಯಲ್ಲಿಲ್ಲ, ಇರಲೂಬಾರದು.

ಬೆಂಚಿನ ಮೇಲೆ ಕೂತವನನ್ನು ನೋಡಿದೆ.
ಪರದೆಯ ಫೋಟೋ ಹಳೆಯದು, ಗಡ್ಡದ್ದು.
ಗಡ್ಡ ಯಾರಿಗಾದರೂ ಬೆಳೆಯುತ್ತದೆ.
ಹೋಲುತ್ತಾನೆ ಅಂದರೆ ಹೋಲುತ್ತಾನೆ,
ಇಲ್ಲ ಅಂದರೆ ಇಲ್ಲ.

"ಏನರ ತ್ರಾಸ ಐತೇನ್ರಿ ಮೇಡಂ?"
"ಬೆರಳಚ್ಚು ಕೊಡ್ರಿ" ಅಂದೆ. ಕಾರಣ ಹೇಳಲಿಲ್ಲ.
ಮಗ್ಗ ಬಿಟ್ಟು ಆರು ವರ್ಷವಾದರೂ
ನೂಲು ಎಳೆದೆಳೆದು ಸವೆದ ಹೆಬ್ಬೆರಳು,
ಗೆರೆ ಮೂಡಲೊಲ್ಲದು.
ಒರೆಸಿ ಮತ್ತೊಮ್ಮೆ ಒತ್ತಿದೆವು. ಇನ್ನೊಮ್ಮೆ.

ಹದಿನೆಂಟು ದಿನ.
ಯಾರಿಗೂ ಹೇಳುವ ಹಾಗಿರಲಿಲ್ಲ, ಹೇಳಲೂ ಇಲ್ಲ.
ಆದರೂ ಓಣಿಗೆ ಏನೋ ಒಂದು ಗೊತ್ತಾಯಿತು.
ನಳದ ಪಾಳಿಯಲ್ಲಿ ಅವನ ಹೆಂಡತಿಯ ಕೊಡದ ಹಿಂದೆ
ಒಂದು ಮಾರು ಜಾಗ ಬಿಟ್ಟು ನಿಂತರಂತೆ.

ಹತ್ತೊಂಬತ್ತನೆಯ ದಿನ ಉತ್ತರ: ಅವನಲ್ಲ.
ನಾನೇ ಟೈಪ್ ಮಾಡಿದೆ:
'ಸದರಿಯವರ ವಿರುದ್ಧ ನಮ್ಮ ದಾಖಲೆಯಲ್ಲಿ ಏನೂ ಕಂಡುಬಂದಿರುವುದಿಲ್ಲ.'
ಕಂಡುಬಂದಿರುವುದಿಲ್ಲ. ಎಷ್ಟು ಹುಷಾರಿ ಶಬ್ದ!
ಇಲ್ಲ ಅಂತ ಮಾತ್ರ ಅನ್ನುವುದಿಲ್ಲ.

ಆ ಯಂತ್ರದೊಳಗೆ ಒಬ್ಬ ಬರಬೇಕಾದರೆ
ಮೊದಲು ಒಂದು ಮಗು ಬಾಯಿ ಬಿಡಬೇಕು,
ಅವ್ವ ನಂಬಬೇಕು, ಅಪ್ಪ ಮರ್ಯಾದೆ ಅನ್ನಬಾರದು,
ನನ್ನಂಥವಳೊಬ್ಬಳು ಪೆನ್ನು ತೆಗೆಯಬೇಕು,
ಸಾಕ್ಷಿ ತಿರುಗಬಾರದು, ವರ್ಷಗಳು ಮುಗಿಯಬೇಕು.
ಇಷ್ಟು ದಾಟಿದವನ ಮುಖ ಅಲ್ಲಿ.
ಉಳಿದವರು ಮದುವೆಗಳಲ್ಲಿ ಪಂಕ್ತಿಗೆ ಬಡಿಸುತ್ತಾರೆ.
ನನಗೂ ಒಬ್ಬ ಬಡಿಸಿದ್ದಾನೆ,
ಹೋಳಿಗೆ, ತುಪ್ಪ ಜಾಸ್ತಿ ಹಾಕಿ,
'ಎಷ್ಟ ದೊಡ್ಡಾಕಿ ಆಗಿ' ಅಂತ.

ಈ ಸೋಮವಾರ ವ್ಯಾನು ನಮ್ಮ ಮನೆ ಮುಂದೆ ನಿಂತಿತು.
ದ್ಯಾಮಣ್ಣ ನನ್ನ ಕಡೆ ನೋಡಲಿಲ್ಲ, ಕನ್ನಡಿ ಸರಿಮಾಡಿಕೊಂಡ.
ಮಗಳು ಹತ್ತಿದಳು. ಬಾಗಿಲು ಬಿತ್ತು.
ಪ್ರಮಾಣಪತ್ರ ಕೊಟ್ಟವಳು ನಾನೇ,
ಆದರೂ ವ್ಯಾನಿನ ನಂಬರು ಅಂಗೈಯಲ್ಲಿ ಬರೆದುಕೊಂಡೆ.
ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಕಲಸಿಹೋಗಿತ್ತು,
ಕೊನೆಯ ಎರಡು ಅಂಕಿ ಮಾತ್ರ ಉಳಿದಿದ್ದವು.