ಹಿಂಡಿ

ಕಲಬುರಗಿಯ ದವಾಖಾನೆ, ಹದಿನಾಲ್ಕನೇ ಕೋಣೆ.
ನನ್ನ ಮೇಜಿನ ಮೇಲೆ ಅಚ್ಚಾದ ಪಟ್ಟಿಗಳ ಕಟ್ಟು:
ಅಕ್ರೋಟ್, ಚಿಯಾ, ಸಾಲ್ಮನ್ ಮೀನು.
ಮೂರು ವರ್ಷದಿಂದ ಓದಿ ಹೇಳುತ್ತಿದ್ದೇನೆ.
ಬಂದವರೆಲ್ಲ ಹೂಂ ಅಂದು, ಮಡಚಿ,
ಕುಪ್ಪಸದೊಳಗೆ ಇಟ್ಟುಕೊಂಡು ಹೋದವರೇ.

ಖಾಜಾಬೀ ಮಾತ್ರ ಹೂಂ ಅನ್ನಲಿಲ್ಲ.
ಸೂಪರ್ ಮಾರ್ಕೆಟ್ಟಿನ ಮೂಲೆಯಲ್ಲಿ ಮಿರ್ಚಿ ಭಜಿ ಕರಿಯುವವಳು,
ಏಳು ತಿಂಗಳ ಸೊಸೆಯನ್ನು ಕರೆತಂದಿದ್ದಳು.
"ಬಾಯೀ, ಈ ಒಮೆಗಾ ಅಂದ್ರ ಯಾರ ಮಗಳ್ರಿ?
ಎಲ್ಲಾ ಕಾಗದದಾಗೂ ಆಕೀದೇ ಹೆಸರು."

ಉತ್ತರ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ:
ಕೊಬ್ಬಿನ ಉದ್ದ ಸರಪಳಿ,
ಬಾಲದಿಂದ ಎಣಿಸಿದರೆ ಮೂರನೆಯದಕ್ಕೆ ಜೋಡಿ ಕೊಂಡಿ.
ಆ ಕೊಂಡಿ ಹಾಕುವ ಬೆರಳು ನಮ್ಮ ಮೈಯೊಳಗಿಲ್ಲ.
ಬೆಲ್ಲ ತಿಂದು ಕೊಬ್ಬು ಮಾಡಿಕೊಳ್ಳಲು ಬಲ್ಲ ಮೈ
ಇದೊಂದನ್ನು ಕೈಗಡ ತರಬೇಕು,
ಗಿಡದ ಮನೆಗೆ ಹೋಗಿ, ಬಾಗಿಲು ಬಡಿದು.
ಕೊಂಡಿ ಇದ್ದಲ್ಲಿ ಸರಪಳಿ ಬಾಗುತ್ತದೆ,
ಬಾಗಿದ್ದಕ್ಕೇ ಜೀವಕೋಶದ ಗೋಡೆ ಮೆತ್ತಗಿರುತ್ತದೆ,
ಹೊಟ್ಟೆಯೊಳಗಿನ ಕೂಸಿನ ಕಣ್ಣಿಗೆ, ಮಿದುಳಿಗೆ
ಅದೇ ಗಾರೆ.

ಇಷ್ಟು ಹೇಳಬಹುದಿತ್ತು.
ಹೇಳಿದ್ದು: "ಮೀನು ತಿನ್ನಿಸ್ರಿ. ಸಮುದ್ರದ್ದು."

"ಸಮುದ್ರ!" ಅಂದಳು.
"ಭೀಮಾ ದಾಟೀನಿ ಎರಡು ಸಲ.
ಅದೂ ಬಸ್ಸಿನ್ಯಾಗ, ನಿದ್ದಿಗಣ್ಣಾಗ."

ಸೊಸೆ ರುಖ್ಸಾರ್ ಆಗ ಮೆಲ್ಲಗೆ ಬಾಯಿಬಿಟ್ಟಳು.
ಫೋನಿನಲ್ಲಿ ನೋಡಿದ್ದಾಳಂತೆ, ಅಗಸಿ ಒಳ್ಳೇದಂತೆ,
ದಿನಾ ಒಂದು ಚಮಚ ಕಾಳು, ಒಂದು ಲೋಟ ನೀರು.
"ಸಾಬೂತ ನುಂಗ್ಲತ್ಯಾಳ!" ಅತ್ತೆ ಹಣೆ ಬಡಿದುಕೊಂಡಳು.
"ಕುಟ್ಟಲಾರದ ಕಾಳು ಏನ್ ಕೊಡ್ತದ?
ಹೆಂಗ ಬಂತೋ ಹಂಗೇ ಹೋಗ್ತದ,
ಟಿಕೀಟಿಲ್ಲದ ಮಂದಿ ಹಂಗ."

ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ.
ಅಗಸೆಯೇ ಇರಲಿಲ್ಲ.

ಮತ್ತೆ ನಾನು ಗಾಣಿಗರ ಮಗಳು.
ಜೇವರ್ಗಿ ಕಡೆಯ ನಮ್ಮ ಗಾಣಕ್ಕೆ ಕುಸುಬಿ ಬರುತ್ತಿತ್ತು,
ಚೀಲ ಹೊತ್ತವರ ಮೊಣಕಾಲಿಗೆ ಮುಳ್ಳು ಗೀರಿದ ಗೆರೆ.
ಅಗಸಿ ಬರುವುದು ಅಪರೂಪ.
ಅದನ್ನು ಹಿಂಡಿದ ದಿನ ಅಪ್ಪ ಕಿಟಕಿ ಮುಚ್ಚಿಸುತ್ತಿದ್ದ:
"ಇದು ಬಿಸಲಿಗೆ ಸಿಟ್ಟಾಗ್ತದ, ಗಾಳಿಗೆ ಕಮಟಾಗ್ತದ.
ಕುಸುಬಿಯಂಗ ಗಟ್ಟಿಗಿತ್ತಿ ಅಲ್ಲ."
ಎರಡೂ ಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ,
ಒಂದೇ ಬಾಗಿಲಲ್ಲಿ ಎರಡೂ ನುಗ್ಗುತ್ತವೆ,
ಕುಸುಬಿಯದೇ ದಂಡು ಬಂದರೆ
ಅಗಸಿ ಹೊರಗೇ ನಿಲ್ಲುತ್ತದೆ ಅಂತಲೂ.

ಮಧ್ಯಾಹ್ನವಾಗಿತ್ತು. ಖಾಜಾಬೀ ಬೆಂಚಿನ ಮೇಲೆ ಗಂಟು ಬಿಚ್ಚಿದಳು.
ಬಿಳಿಜೋಳದ ರೊಟ್ಟಿ, ಉಳ್ಳಾಗಡ್ಡಿ,
ಡಬ್ಬಿಯಲ್ಲಿ ಅಗಸಿ ಹಿಂಡಿ:
ಹುರಿದು, ಬಳ್ಳೊಳ್ಳಿ ಖಾರ ಹಾಕಿ ಕುಟ್ಟಿದ್ದು.
ರುಖ್ಸಾರ್ ಮುಖ ತಿರುಗಿಸಿದಳು. ವಾಸನೆ ಆಗುವುದಿಲ್ಲವಂತೆ.
"ನನಗೊಂದೀಟು ಹಾಕ್ರಿ" ಅಂದೆ.

ನಾನು ತಿನ್ನುವುದನ್ನು ಅವಳು ನೋಡಿದಳು.
ಎರಡನೇ ರೊಟ್ಟಿಗೆ ಕೈ ಚಾಚಿದಳು.
ಇದು ನನ್ನ ಗೆಲುವಲ್ಲ, ಹಸಿವೂ ಇದ್ದೀತು.

"ಭಜಿಗೆ ಯಾವ ಎಣ್ಣಿ?" ಕೇಳಿದೆ.
"ಪಾಮಿನ ಡಬ್ಬಿ."
"ಎಷ್ಟು ಸಲ ಕಾಯಿಸ್ತೀರಿ?"
ಖಾಜಾಬೀ ರೊಟ್ಟಿ ಮುರಿದಳು.
"ಕುಸುಬಿ ಎಣ್ಣ್ಯಾಗ ಕರದ್ರ ಭಜಿಗೆ ಏನ್ ರೇಟ್ ಹೇಳ್ಲಿ, ಬಾಯೀ?"
ಈ ಪ್ರಶ್ನೆಗೆ ಪಟ್ಟಿಯಲ್ಲೂ ಉತ್ತರವಿಲ್ಲ, ನನ್ನಲ್ಲೂ.

ಕಾಗದ ತಿರುವಿ ಹಿಂದೆ ಬರೆದೆ:
ಅಗಸಿ ಹಿಂಡಿ. ರೊಟ್ಟಿ ಜೋಡಿ. ದಿನಾ. ಕುಟ್ಟಿದ್ದೇ.
ರುಖ್ಸಾರ್ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು
ಅಕ್ಷರ ಕೂಡಿಸಿ ಅತ್ತೆಗೆ ಓದಿದಳು.

ಖಾಜಾಬೀಯ ಹೆಬ್ಬೆರಳು ತಾಗಿದ ಕಡೆ
ಕಾಗದ ಎಣ್ಣೆ ಕುಡಿದು ತಿಳಿಯಾಗಿತ್ತು.
ಅಲ್ಲಿ, ಸಾಲ್ಮನ್ ಎಂಬ ಅಚ್ಚಿನ ನಡುವೆ,
ನನ್ನ ಕೈಬರಹ ತಿರುಗಾಮುರುಗಾ ಕಾಣುತ್ತಿತ್ತು.